ಎಂಟನೆಯ ಕೈ

ಆವತ್ತು ನಾನು ಮಾಡಬೇಕಾದ ಕೆಲಸ ಏನೂ ಇರಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರೆ ಸಾಕಾಗಿತ್ತು. ಒಡಹುಟ್ಟಿದವಳ ಮಾನ ಕಾಯುವ ಅವಕಾಶ ಇಷ್ಟು ಸುಲಭವಾಗಿ ಬೇರೆ ಯಾರಿಗಾದರೂ ಸಿಕ್ಕಿದೆಯೋ ಇಲ್ಲವೋ ಗೊತ್ತಿಲ್ಲ. ಅಷ್ಟನ್ನೂ ನಾನು ಮಾಡಲಿಲ್ಲ. ಕೈ ಎತ್ತಿದೆ. ನನ್ನದು ಎಂಟನೆಯ ಕೈ. ಅದು ಏಳದೆ ಇದ್ದಿದ್ದರೆ ನನ್ನ ತಂಗಿ ನಮ್ಮ ಗ್ರಾಮ ಪಂಚಾಯತಿಯ ಅಧ್ಯಕ್ಷೆಯಾಗಿ ಉಳಿಯುತ್ತಿದ್ದಳು.

ನಾನು ಓದಿದ್ದು ಆರನೆಯ ಇಯತ್ತೆ. ಹಾಜರಿ ಪುಸ್ತಕದಲ್ಲಿ ಸಹಿ ಮಾಡುವುದನ್ನು ಬಿಟ್ಟರೆ ಪೆನ್ನು ಹಿಡಿದವಳಲ್ಲ. ಆದರೂ ಇದನ್ನು ನಾನೇ ಬರೆಯಬೇಕು. ಬೇರೆಯವರು ಬರೆದರೆ ನನಗೆ ಕರುಣೆ ತೋರಿಸುತ್ತಾರೆ. ಪಾಪ, ಹಳ್ಳಿಯ ಹೆಣ್ಣುಮಗಳು, ಗಂಡನಿಗೆ ಹೆದರಿ ಕೈ ಎತ್ತಿದಳು ಎನ್ನುತ್ತಾರೆ. ಆ ಪಾಪ ನನಗೆ ಬೇಡ.

ನಮ್ಮ ತವರು ಹಿರೇಕೆರೂರ ತಾಲೂಕಿನ ಒಂದು ಹಳ್ಳಿ. ಅವ್ವ ಹಾಸಿಗೆ ಹಿಡಿದ ವರ್ಷ ನನ್ನ ಶಾಲೆ ನಿಂತಿತು. ತಂಗಿ ಆಗ ಎರಡನೆಯ ಇಯತ್ತೆಯಲ್ಲಿದ್ದಳು. ಅವಳ ತಲೆ ಬಾಚಿ, ಎರಡು ಜಡೆ ಹಾಕಿ, ಬುತ್ತಿ ಕಟ್ಟಿ ಶಾಲೆಗೆ ಕಳಿಸುತ್ತಿದ್ದವಳು ನಾನು. ಅವಳು ಪಿಯುಸಿ ಮುಗಿಸಿದಳು. ಮುಂದೆ ನನ್ನನ್ನು ಶಿಗ್ಗಾವಿ ತಾಲೂಕಿನ ಈ ಊರಿಗೆ ಕೊಟ್ಟರು. ಕೆಲವು ವರ್ಷದ ಮೇಲೆ ಅವಳನ್ನು ಇಲ್ಲಿಂದ ಅರ್ಧ ಗಂಟೆಯ ಕಾಲುದಾರಿಯ ಇನ್ನೊಂದು ಹಳ್ಳಿಗೆ ಕೊಟ್ಟರು. ಎರಡೂ ಊರಿಗೆ ಸೇರಿ ಒಂದೇ ಪಂಚಾಯತಿ. ಅಕ್ಕತಂಗಿಯರು ಹತ್ತಿರ ಇದ್ದೀರಿ, ಪುಣ್ಯವಂತರು ಎಂದು ಜನ ಹೇಳುತ್ತಿದ್ದರು.

ಚುನಾವಣೆಗೆ ನಾನು ನಿಂತದ್ದು ಹೀಗೆ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ನನ್ನ ಗಂಡ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು.

"ಏ, ನಿನ್ನ ಆಧಾರ ಕಾರ್ಡ್ ಎಲ್ಲಿ ಇಟ್ಟಿ?"

"ಯಾಕ್ರಿ?"

"ಎಲೆಕ್ಷನ್‌ಗೆ ನಿಂತೇನಿ."

ನಿಂತವಳು ನಾನು. ನಿಂತೇನಿ ಎಂದವರು ಅವರು. ನಮ್ಮ ಓಣಿಯ ಸೀಟು ಹೆಣ್ಣುಮಕ್ಕಳಿಗೆ ಮೀಸಲಾಗಿದೆ ಎಂಬುದು ಆಮೇಲೆ ಪಕ್ಕದ ಮನೆಯವಳಿಂದ ಗೊತ್ತಾಯಿತು. ಬ್ಯಾನರಿನಲ್ಲಿ ಅವರು ಆಳೆತ್ತರ ಕೈಮುಗಿದು ನಿಂತಿದ್ದರು. ನನ್ನ ಮುಖ ಮೇಲಿನ ಮೂಲೆಯಲ್ಲಿ ಅಂಚೆ ಚೀಟಿಯಷ್ಟಿತ್ತು. ಗೆದ್ದ ದಿನ ಮಾಲೆ ಅವರ ಕೊರಳಿಗೆ ಬಿತ್ತು. ನಾನು ಒಳಗೆ ಮೂವತ್ತು ಮಂದಿಗೆ ಉಪ್ಪಿಟ್ಟು ತಿರುವುತ್ತಿದ್ದೆ. ಒಂದು ವಾರದಲ್ಲಿ ಅವರ ಜೇಬಿಗೆ ಕಾರ್ಡು ಬಂತು. ಅದರ ಮೇಲೆ ಅವರ ಫೋಟೊ, ಅವರ ಹೆಸರು, ಕೆಳಗೆ "ಗ್ರಾಮ ಪಂಚಾಯತಿ ಸದಸ್ಯರು". ನನ್ನ ಹೆಸರು ಹಾಕಲು ಜಾಗ ಸಾಕಾಗಲಿಲ್ಲವಂತೆ.

ಪಂಚಾಯತಿಯಲ್ಲಿ ಒಟ್ಟು ಹನ್ನೆರಡು ಮಂದಿ ಸದಸ್ಯರು. ಅದರಲ್ಲಿ ಆರು ಜನ ಹೆಣ್ಣುಮಕ್ಕಳು. ಮೀಟಿಂಗಿಗೆ ಬರುತ್ತಿದ್ದವರು ಆರು ಜನ ಗಂಡಸು ಸದಸ್ಯರು, ನಮ್ಮ ಕಡೆಯಿಂದ ನಾಲ್ವರು ಗಂಡಂದಿರು, ಒಬ್ಬ ಮೈದುನ, ಒಬ್ಬ ಮಗ. ಹಾಜರಿ ಪುಸ್ತಕ ಮಾರನೆಯ ದಿನ ಮನೆಗೆ ಬರುತ್ತಿತ್ತು. ಪಂಚಾಯತಿಯ ಸಿಪಾಯಿ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವಷ್ಟರಲ್ಲಿ ನಾನು ಸಹಿ ಹಾಕಿ ಕೊಡುತ್ತಿದ್ದೆ. ಯಾವ ಠರಾವು, ಏನು ಬರೆದಿದೆ ಎಂದು ಒಮ್ಮೆಯೂ ಓದಿದವಳಲ್ಲ. ಆರನೆಯ ಇಯತ್ತೆಗೆ ಓದಲು ಬರುತ್ತದೆ. ನನಗೆ ಮನಸ್ಸಿರಲಿಲ್ಲ.

ಅಧ್ಯಕ್ಷ ಸ್ಥಾನವೂ ಹೆಣ್ಣುಮಕ್ಕಳಿಗೆ ಮೀಸಲು ಬಂತು. ಹಿಂದಿನ ಸಲ ಅಧ್ಯಕ್ಷರಾಗಿದ್ದವರು ಈ ಸಲವೂ ಸದಸ್ಯರಾಗಿದ್ದರು. ಖುರ್ಚಿ ಬಿಟ್ಟು ಅವರಿಗೆ ಬದುಕು ಗೊತ್ತಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಬಾಯಿ ಇಲ್ಲದವಳು ಯಾರು ಎಂದು ಹುಡುಕಿ, ಅವಳ ಊರಿನಿಂದ ಗೆದ್ದು ಬಂದಿದ್ದ ನನ್ನ ತಂಗಿಯನ್ನು ಕೂರಿಸಿದರು. ಅವಳು ಕಡಿಮೆ ಮಾತಿನವಳು. ಕಡಿಮೆ ಮಾತಾಡುವವರು ಬೇರೆ, ಮಾತು ಬಾರದವರು ಬೇರೆ. ಇಪ್ಪತ್ತು ವರ್ಷ ರಾಜಕೀಯ ಮಾಡಿದ ಮನುಷ್ಯನಿಗೆ ಅಷ್ಟು ತಿಳಿಯಲಿಲ್ಲ.

ಎರಡು ಮೀಟಿಂಗ್ ಅವಳು ಸುಮ್ಮನೆ ನೋಡಿದಳು. ಅವಳ ಖುರ್ಚಿಯಲ್ಲಿ ಅವಳ ಗಂಡ, ಎಡಗಡೆ ಮಾಜಿ ಅಧ್ಯಕ್ಷರು, ಬಲಗಡೆ ನಮ್ಮವರು, ನನ್ನ ಗಂಡ. ಅವಳು ಹಿಂದೆ ಗೋಡೆಗೆ ಒರಗಿ ಕುಳಿತಿದ್ದಳು. ಮೂರನೆಯ ಮೀಟಿಂಗಿಗೆ ಎಲ್ಲರಿಗಿಂತ ಮೊದಲು ಬಂದಳು. ಶಾಲೆಯವರು ಬಿಸಾಕಿದ ಒಂದು ಬೆಂಚನ್ನು ರಿಪೇರಿ ಮಾಡಿಸಿ ಪಂಚಾಯತಿಯ ಎದುರಿನ ಬೇವಿನ ಗಿಡದ ಕೆಳಗೆ ಹಾಕಿಸಿದ್ದಳು. ಆರೂ ಹೆಣ್ಣುಮಕ್ಕಳಿಗೆ ಹಿಂದಿನ ದಿನವೇ ಫೋನ್ ಮಾಡಿ, ನೀವೇ ಬರಬೇಕು ಎಂದಿದ್ದಳು. ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದಳು. "ಸಭೆ ನಡೆಯುವಾಗ ಸದಸ್ಯರಲ್ಲದವರು ಹೊರಗಿನ ಬೆಂಚಿನ ಮೇಲೆ ಕುಳಿತುಕೊಳ್ಳಬೇಕು."

ನಮ್ಮವರು ಅದನ್ನು ಓದಿ ನಕ್ಕರು. "ಯಾರಿಗೆ ಇದು?"

"ನಿಮಗ ರೀ ಮಾವಾರ," ಎಂದಳು ತಂಗಿ. "ನೆಳ್ಳ ಚೊಲೊ ಐತಿ, ಕುಂದರ್ರಿ. ಚಾ ಹೊರಗ ಕಳಸ್ತೇನಿ."

"ಏ ಹುಡುಗಿ, ನಾ ಮೇಂಬರ್ ಅದೇನಿ."

"ಮೇಂಬರ್ ಅಕ್ಕ ಅದಾಳ. ಅಕೀನ್ನ ಕರಕೊಂಡ ಬಂದೀರಲ್ಲ, ನಿಮ್ಮ ಕೆಲಸ ಮುಗೀತು."

ಅವಳ ಗಂಡ ಎಲ್ಲರಿಗಿಂತ ಮೊದಲು ಹೋಗಿ ಬೆಂಚಿನ ಮೇಲೆ ಕುಳಿತ. ಅದು ಅವನ ದೊಡ್ಡ ಗುಣ ಎಂದು ತಿಳಿಯಬೇಡಿ. ಅವನಿಗೆ ಜಗಳ ಮಾಡಲೂ ಆಲಸ್ಯ. ಉಳಿದವರು ಗೊಣಗುತ್ತ ಹೋಗಿ ಅವನ ಪಕ್ಕದಲ್ಲಿ ಸಾಲಾಗಿ ಕುಳಿತರು.

ಒಳಗೆ ಮೊದಲ ಸಲ ನಾವು ಖುರ್ಚಿಗಳಲ್ಲಿ ಕುಳಿತೆವು. ತಂಗಿ ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ನನ್ನ ಪಾಳಿ ಬಂತು.

"ಅಕ್ಕಾ, ನಿಮ್ಮ ಓಣ್ಯಾಗ ಮೊದಲ ಏನ್ ಆಗಬೇಕು, ಹೇಳು."

ನನ್ನ ಓಣಿಯಲ್ಲಿ ಗಟಾರು ಒಡೆದು ಬಾವಿಯ ಕಡೆ ಹರಿಯುತ್ತಿತ್ತು. ಬೀದಿ ದೀಪ ಇರಲಿಲ್ಲ. ದಿನಾ ಬಾಯಿ ತುಂಬ ಬೈಯುತ್ತಿದ್ದವಳು ನಾನೇ. ಆದರೆ ಅಲ್ಲಿ "ಅವರನ್ನ ಕೇಳಿ ಹೇಳ್ತೇನಿ," ಎಂದೆ.

ಗಂಡಸು ಸದಸ್ಯರು ನಕ್ಕರು. ತಂಗಿ ನಗಲಿಲ್ಲ. "ಸಾವಕಾಶ ಹೇಳು ಅಕ್ಕಾ. ನಮಗೇನ್ ಬಸ್ ಹಿಡಿಯೂದೈತೇನ?" ಎಂದು ಪಕ್ಕದವಳ ಕಡೆ ತಿರುಗಿದಳು. ಪಕ್ಕದವಳು ಗಂಡ ಸತ್ತವಳು, ಸಹಿಯೂ ಬಾರದವಳು, ಹೆಬ್ಬೆಟ್ಟು ಒತ್ತುವವಳು. ಅವಳ ಪರವಾಗಿ ಮಗ ಬರುತ್ತಿದ್ದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗನವಾಡಿಯ ಸೋರುವ ಮಾಳಿಗೆಯಿಂದ ಸುರು ಮಾಡಿ ಸುಡುಗಾಡಿನ ದಾರಿಯವರೆಗೆ ಅರ್ಧ ಗಂಟೆ ಹೇಳಿದಳು. ತಂಗಿ ಎಲ್ಲವನ್ನೂ ಬರೆದುಕೊಂಡಳು. "ಭೇಷ್ ಹೇಳಿದ್ರಿ ಕಾಕು" ಎಂದಳು.

ತಂಗಿ ಪ್ರೀತಿಯಿಂದಲೇ ನನಗೆ ಒತ್ತಾಯ ಮಾಡದೆ ಬಿಟ್ಟಿದ್ದಳು. ನನಗೆ ಅದು ಮುಳ್ಳಾಗಿ ಚುಚ್ಚಿತು. ನಾನು ಜಡೆ ಹಾಕಿ ಕಳಿಸಿದ ಹುಡುಗಿ ನನಗೆ ಸಾವಕಾಶ ಹೇಳು ಎನ್ನುತ್ತಾಳೆ. ಹೆಬ್ಬೆಟ್ಟಿನವಳಿಗೆ ಭೇಷ್ ಎನ್ನುತ್ತಾಳೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಇದೇ ತಲೆಯಲ್ಲಿ ಸುತ್ತಿತು. ಮುಂದಿನ ಮೀಟಿಂಗಿನಲ್ಲಿ ಗಟಾರದ ಮಾತು ಹೇಳಬಹುದಿತ್ತು. ಹೇಳಲಿಲ್ಲ. ಬೇಕಂತಲೇ ಹೇಳಲಿಲ್ಲ.

ಬೆಂಚು ಮಾತ್ರ ಊರಿಗೆ ಹಬ್ಬವಾಯಿತು. ನೀರಿಗೆ ಹೋಗುವ ಹೆಂಗಸರು ಅದರ ಮುಂದೆಯೇ ಹಾಯುತ್ತಿದ್ದರು. "ಏನ್ರಿ ಮೇಂಬರ್ರ, ಇನ್ನ ಒಳಗ ಕರದಿಲ್ಲೇನ್ರಿ? ಪಾಳೆ ಚೀಟಿ ತಗೊಂಡೀರೇನು?" ಎಂದು ಒಬ್ಬಳು ಕೇಳಿದರೆ, ಇನ್ನೊಬ್ಬಳು, "ಸುಮ್ಮನಿರ ಯವ್ವಾ, ಡಾಕ್ಟರ್ ಬಂದಿಲ್ಲ ಅಂತ ಕಾಣಸ್ತೈತಿ," ಎನ್ನುವಳು. ಐದಾರು ಮಂದಿ ಗಂಡಸರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಜೇಬಿನಲ್ಲಿ ಸದಸ್ಯರ ಕಾರ್ಡು ಇಟ್ಟುಕೊಂಡು, ಎಲೆ ಅಡಿಕೆ ಹಾಕುತ್ತ ತಮ್ಮ ಹೆಂಡಂದಿರ ಕೆಲಸ ಮುಗಿಯುವುದನ್ನು ಕಾಯುತ್ತಿದ್ದರು. ಅವರ ಹೆಂಡಂದಿರು ಜೀವಮಾನವೆಲ್ಲ ಅವರನ್ನು ಕಾದಿದ್ದರು. ಅದಕ್ಕೆ ಯಾರೂ ನಕ್ಕಿರಲಿಲ್ಲ.

ನಮ್ಮವರು ಮನೆಗೆ ಬಂದು ತಾಟು ಸರಿಸುತ್ತಿದ್ದರು. "ನಿನ್ನ ತಂಗಿ ನಮ್ಮನ್ನ ಬಾಗಲ ಕಾಯೋ ಮಂದಿ ಮಾಡ್ಯಾಳ." ಬಡಿಯುವವರಲ್ಲ ಅವರು. ಎರಡು ಹೊತ್ತು ಉಣ್ಣದೆ ಇರುವುದೇ ಅವರ ಶೌರ್ಯ. ಮೂರನೆಯ ಹೊತ್ತಿಗೆ ತಾವೇ ರೊಟ್ಟಿ ಬುಟ್ಟಿ ಎಲ್ಲಿದೆ ಎಂದು ಹುಡುಕುತ್ತಿದ್ದರು. ಅವರಿಗೆ ಹೆದರಿ ಕೈ ಎತ್ತಿದೆ ಎಂದು ನಾನು ಆಮೇಲೆ ಎಷ್ಟೋ ಮಂದಿಗೆ ಹೇಳಿದೆ. ಸುಳ್ಳು ಹೇಳಿದೆ.

ಅವಿಶ್ವಾಸ ತರಲು ಕಾನೂನು ಬಿಡುವ ದಿನಕ್ಕೆ ಮಾಜಿ ಅಧ್ಯಕ್ಷರು ಕಾದಿದ್ದರು. ದಿನ ಬಂದ ಕೂಡಲೇ ಸವಣೂರಿನ ಎ.ಸಿ. ಕಚೇರಿಗೆ ಅರ್ಜಿ ಹೋಯಿತು. ಕಾರಣದ ಜಾಗದಲ್ಲಿ "ಸದಸ್ಯರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳುತ್ತಿಲ್ಲ" ಎಂದು ಬರೆದಿದ್ದರು. ಬೆಂಚಿನ ಸುದ್ದಿ ಬರೆಯಲು ನಾಚಿಕೆಯಾಗಿರಬೇಕು. ಹನ್ನೆರಡು ಮಂದಿಯಲ್ಲಿ ಎಂಟು ಕೈ ಬೇಕು. ಐದು ಗಂಡಸು ಸದಸ್ಯರು ಸಿದ್ಧರಿದ್ದರು. ಇನ್ನು ಮೂರು ಕೈ ಹೆಂಗಸರದ್ದೇ ಆಗಬೇಕು.

ಬೇರೆ ಕಡೆ ಹೀಗಾದಾಗ ಸದಸ್ಯರನ್ನು ದೂರ ಕರೆದೊಯ್ದು ಲಾಡ್ಜಿನಲ್ಲಿ ಇಡುತ್ತಾರಂತೆ. ಮಾಜಿ ಅಧ್ಯಕ್ಷರಿಗೆ ಹೆಂಗಸರ ವಿಷಯ ಚೆನ್ನಾಗಿ ಗೊತ್ತಿತ್ತು. ಒಂದು ಮಂಗಳವಾರ ನನ್ನನ್ನೂ ಇನ್ನಿಬ್ಬರು ಹೆಂಗಸು ಸದಸ್ಯರನ್ನೂ ಗಂಡಂದಿರ ಸಮೇತ ಕ್ರೂಸರ್ ಗಾಡಿಯಲ್ಲಿ ಹಾನಗಲ್ಲ ಕಡೆಯ ಒಂದು ದೇವಿ ಗುಡಿಗೆ ಕರೆದೊಯ್ದರು. ಗಂಡಸರು ಮುಂದೆ ಕುಳಿತು ಸವಣೂರಿನ ಖಾರಾ ತಿನ್ನುತ್ತಿದ್ದರು. ಪೊಟ್ಟಣ ಹಿಂದಕ್ಕೆ ಬರುವಷ್ಟರಲ್ಲಿ ಶೇಂಗಾದ ಸಿಪ್ಪೆ ಉಳಿದಿತ್ತು.

ಗುಡಿಯಲ್ಲಿ ಮಾಜಿ ಅಧ್ಯಕ್ಷರ ಹೆಂಡತಿ ನಮಗೆ ಉಡಿ ತುಂಬಿದರು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಒಂದು ಕುಬಸದ ಖಣ. ಉಡಿ ತುಂಬುವುದು ನಮ್ಮಲ್ಲಿ ತವರಿನವರು ಮಾಡುವ ಕೆಲಸ. ಅವ್ವ ಅಪ್ಪ ಹೋದ ಮೇಲೆ ನನಗೆ ವರ್ಷವರ್ಷವೂ ಉಡಿ ತುಂಬುತ್ತಿದ್ದವಳು ತಂಗಿ ಒಬ್ಬಳೇ. ದೇವಿಯ ಮುಂದೆ ತುಂಬಿದ ಉಡಿಯನ್ನು ಯಾರೂ ಕೆಳಗೆ ಸುರಿಯುವುದಿಲ್ಲ. ತುಂಬಿದವರ ಮಾತು ಮೀರುವುದಿಲ್ಲ. ಕಾಗದದ ಮೇಲೆ ಬರೆಸಿಕೊಂಡ ಮಾತನ್ನು ಹೆಣ್ಣುಮಕ್ಕಳು ಹರಿದಾರು, ಉಡಿಯ ಮಾತನ್ನು ಮುರಿಯಲಾರರು ಎಂದು ಆ ಮನುಷ್ಯ ಲೆಕ್ಕ ಹಾಕಿದ್ದರು. ದೇವಿಯನ್ನೂ ತಮ್ಮ ಪಾರ್ಟಿಗೆ ಸೇರಿಸಿಕೊಂಡಿದ್ದರು.

ಗಂಟು ಕಟ್ಟುವಾಗ ಆ ಹೆಂಗಸು ನನ್ನ ಕಿವಿಯ ಹತ್ತಿರ ಬಾಗಿ ಅಂದರು, "ಮುಂದಿನ ಖುರ್ಚಿ ನಿಂದ ಐತಿ ತಂಗಿ. ನಮ್ಮನಿಯವರು ಹೇಳ್ಯಾರ."

ನನ್ನ ಮೈ ಬೆಚ್ಚಗಾಯಿತು. ಆ ಖುರ್ಚಿಯಲ್ಲಿ ನಾನು ಏನು ಮಾಡುತ್ತಿದ್ದೆನೋ ದೇವರಿಗೇ ಗೊತ್ತು. ಗಟಾರದ ಬಗ್ಗೆ ಒಂದು ಮಾತು ಆಡಲು ಬಾರದವಳು. ತಂಗಿ ಎದ್ದ ಜಾಗದಲ್ಲಿ ಕೂರುವುದು ಎನ್ನುವುದೊಂದೇ ನನಗೆ ರುಚಿಸಿತು. ಉಡಿಯ ಅಕ್ಕಿಯನ್ನು ಮರುದಿನ ಅನ್ನ ಮಾಡಿದೆ. ಚೆನ್ನಾಗಿಯೇ ಉಂಡೆವು.

ಓಟಿನ ಎರಡು ದಿನ ಮೊದಲು ತಂಗಿ ಮಧ್ಯಾಹ್ನ ಮನೆಗೆ ಬಂದಳು. ಒಲೆಯ ಹತ್ತಿರ ಮಣೆ ಎಳೆದುಕೊಂಡು ಕುಳಿತಳು.

"ಅಕ್ಕಾ, ನನ್ನ ಉಳಿಸು ಅಂತ ಕೇಳಾಕ ಬಂದಿಲ್ಲ. ನಾ ಮಾಡಿದ್ದು ತಪ್ಪ ಅಂತ ನಿನಗ ಖರೇನ ಅನಿಸಿದ್ರ ಕೈ ಎತ್ತು. ಯಾರೋ ಹೇಳ್ಯಾರಂತ ಮಾತ್ರ ಎತ್ತಬ್ಯಾಡ."

"ಉಡಿ ತುಂಬಿಸಿಕೊಂಡೇನಿ ತಂಗಿ."

ಅವಳು ನಕ್ಕಳು. "ಉಡಿ ದೇವಿ ತುಂಬಿದ್ಲೋ, ಆ ಮಾಜಿ ತುಂಬಿದನೋ?"

"ದೇವರ ಸುದ್ದಿ ಹಗರ ಮಾತಾಡಬ್ಯಾಡ. ಎರಡ ಅಕ್ಷರ ಕಲಿತೇನಂತ ಭಾಳ ಹಾರ್‍ಯಾಡಾಕತ್ತಿ."

ಅವಳು ನನ್ನ ಮುಖ ನೋಡಿದಳು. ಆ ಎರಡಕ್ಷರ ನನ್ನ ಹೊಟ್ಟೆಯಲ್ಲಿ ಎಷ್ಟು ವರ್ಷದಿಂದ ಇತ್ತು ಎನ್ನುವುದು ಅವಳಿಗೆ ಆಗ ಗೊತ್ತಾಗಿರಬೇಕು. ಹಾಕಿದ ರೊಟ್ಟಿ ಪೂರ್ತಿ ತಿಂದು, ತಾಟು ತೊಳೆದಿಟ್ಟು ಹೋದಳು.

ಓಟಿನ ದಿನ ಎ.ಸಿ. ಸಾಹೇಬರು ಬಂದರು. ತರುಣ ಮನುಷ್ಯ, ಮೈಸೂರು ಕಡೆಯ ಮಾತು. ಒಳಗೆ ಕಾಲಿಟ್ಟ ಕೂಡಲೇ, "ಸದಸ್ಯರಲ್ಲದವರೆಲ್ಲ ಹೊರಗೆ ಹೋಗಿ" ಎಂದರು. ತಂಗಿ ತಿಂಗಳುಗಟ್ಟಲೆ ಹೇಳಿದ್ದಕ್ಕೆ ಕುದಿಯುತ್ತಿದ್ದ ಗಂಡಂದಿರು, ಪ್ಯಾಂಟು ಹಾಕಿದ ಗಂಡಸು ಒಮ್ಮೆ ಹೇಳಿದ ಕೂಡಲೇ ಕೈಮುಗಿದು ಹೊರಗೆ ಹೋದರು. ಅದೇ ಬೆಂಚಿನ ಮೇಲೆ ಕುಳಿತರು. ಬಾಗಿಲು ಹಾಕಿದರು. ಕಿಟಕಿಯನ್ನೂ ಹಾಕಿಸಿದರು.

ಇದನ್ನು ನಾನು ಒತ್ತಿ ಹೇಳಬೇಕು. ಬಾಗಿಲು ಹಾಕಿತ್ತು. ಒಳಗೆ ನನ್ನ ಗಂಡ ಇರಲಿಲ್ಲ. ಮಾಜಿ ಅಧ್ಯಕ್ಷರು ನನ್ನ ಹಿಂದಿನ ಸಾಲಿನಲ್ಲಿದ್ದರು, ಅವರ ಮುಖವೂ ನನಗೆ ಕಾಣುತ್ತಿರಲಿಲ್ಲ. ನನ್ನ ಎದುರಿಗಿದ್ದವಳು ತಂಗಿ ಒಬ್ಬಳೇ. ಅವಳು ಮೇಜಿನ ಮೇಲಿನ ಕಾಗದ ನೋಡುತ್ತಿದ್ದಳು.

"ಅಧ್ಯಕ್ಷರನ್ನು ಇಳಿಸಬೇಕು ಎನ್ನುವವರು ಕೈ ಎತ್ತಿ."

ಐದು ಗಂಡಸರ ಕೈ ಒಟ್ಟಿಗೆ ಎದ್ದವು. ಆಮೇಲೆ ಇಬ್ಬರು ಹೆಂಗಸರದ್ದು. ಸಾಹೇಬರು ಬೆರಳು ಮಾಡಿ ಎಣಿಸುತ್ತ ನನ್ನ ಹತ್ತಿರ ಬಂದು ನಿಂತರು. ನನ್ನ ಕೈ ಮಡಿಲಿನಿಂದ ಎದ್ದು ಭುಜದ ಹತ್ತಿರ ನಿಂತಿತ್ತು.

"ಅಮ್ಮಾ, ಎತ್ತಿದ್ದೀರೋ ಇಲ್ಲವೋ? ಅರ್ಧ ಎತ್ತಿದರೆ ನಾನು ಹೇಗೆ ಎಣಿಸಲಿ? ಎತ್ತುವುದಾದರೆ ಸರಿಯಾಗಿ ಎತ್ತಿ."

ದೇವರು ಇನ್ನೊಂದು ಸಲ ಕೇಳಿದಂತೆ ಕೇಳಿದ ಆ ಮನುಷ್ಯ. ಕೆಳಗಿಳಿಸಬಹುದಿತ್ತು. ಪೂರ್ತಿ ಎತ್ತಿದೆ. ಬಳೆ ಮೊಣಕೈವರೆಗೆ ಜಾರಿದವು. ತಂಗಿ ಆಗ ತಲೆ ಎತ್ತಿ ನೋಡಿದಳು.

"ಎಂಟು," ಎಂದರು ಸಾಹೇಬರು.

ಆ ಗಳಿಗೆಯಲ್ಲಿ ನನಗೆ ಹಿಗ್ಗಾಯಿತು. ಅದನ್ನೂ ಬರೆಯಬೇಕು. ಹುಟ್ಟಿದಾಗಿನಿಂದ ಮೊದಲ ಸಲ ನನ್ನಿಂದ ಊರಿನಲ್ಲಿ ಏನೋ ಒಂದು ಬದಲಾಯಿತು ಎನ್ನಿಸಿತು.

ಹೊರಗೆ ಗುಲಾಲು ಹಾರಿತು, ಹಲಗೆ ಬಾರಿಸಿದರು. ನಮ್ಮವರು ಬೆನ್ನು ತಟ್ಟಿ "ಶಾಬಾಸ್" ಎಂದರು. ಹೊಲದಿಂದ ಬಂದ ಎತ್ತಿಗೂ ಹಾಗೆಯೇ ತಟ್ಟುತ್ತಾರೆ. ತಂಗಿ ಕೋಣೆಯ ಕೀಲಿಕೈಯನ್ನು ಪಂಚಾಯತಿ ಅಧಿಕಾರಿಗೆ ಕೊಟ್ಟು ಮೆಟ್ಟಿಲಿಳಿದಳು. ನನ್ನ ಹತ್ತಿರ ಬಂದಾಗ ನಿಂತಳು. ಉಗುಳುತ್ತಾಳೆ ಎಂದುಕೊಂಡೆ.

"ಅಕ್ಕಾ, ಬಿಸಲ ಭಾಳ ಐತಿ. ಸೆರಗ ಹೊತ್ಕೊಂಡ ಹೋಗು," ಎಂದಳು. ಅವಳ ಊರಿನ ದಾರಿ ಹಿಡಿದು ಹೋದಳು.

ಖುರ್ಚಿ ನನಗೆ ಬರಲಿಲ್ಲ. ಮಾಜಿ ಅಧ್ಯಕ್ಷರ ತಮ್ಮನ ಸೊಸೆಗೆ ಹೋಯಿತು. ಉಡಿ ತುಂಬಿಸಿಕೊಂಡ ಮೂವರಲ್ಲಿ ಅವಳೂ ಒಬ್ಬಳು. ನಮ್ಮವರು ಕೇಳಲು ಹೋದರೆ ಮಾಜಿ ಅಧ್ಯಕ್ಷರು ಅಂದರಂತೆ, "ನಿಮ್ಮಾಕಿ ಸ್ವಂತ ತಂಗೀಗೇ ಕೈ ಎತ್ತಿದಾಕಿ. ನಾಳೆ ನಮಗ ಎತ್ತೂದಿಲ್ಲಂತ ಏನ್ ಗ್ಯಾರಂಟಿ?" ಇದನ್ನು ನಮ್ಮವರು ಮನೆಗೆ ಬಂದು ನನಗೇ ಬೈಗುಳದಂತೆ ಹೇಳಿದರು. ಅಷ್ಟು ದಿನದಲ್ಲಿ ಯಾರಾದರೂ ನನ್ನ ಬಗ್ಗೆ ಖರೇ ಮಾತಾಡಿದ್ದು ಅದೊಂದೇ. ಬೆಂಚನ್ನು ವಾರದೊಳಗೆ ಒಡೆದು ಯಾರದೋ ಒಲೆಗೆ ಹಾಕಿದರು. ಗಂಡಂದಿರು ಒಳಗಿನ ಖುರ್ಚಿಗೆ ಮರಳಿದರು. ಹಾಜರಿ ಪುಸ್ತಕ ಮನೆಗೆ ಬರತೊಡಗಿತು.

ತಂಗಿ ಮನೆಗೆ ಬರುವುದು ನಿಲ್ಲಿಸಲಿಲ್ಲ. ನನ್ನ ಮಗಳ ಜ್ವರಕ್ಕೆ ಬಂದಳು, ಸಂತೆಯಲ್ಲಿ ಸಿಕ್ಕರೆ ಮಾತಾಡಿದಳು. ಕೈಯ ಸುದ್ದಿ ಮಾತ್ರ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವಳು ಮರೆತಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ತಪ್ಪು ಮಾಡಿದವರಿಗೆ ಇಂಥ ಸಮಾಧಾನ ಬೇಗ ಸಿಗುತ್ತದೆ.

ಮುಂದೆ ಗ್ರಾಮಸಭೆ ನಡೆಯಿತು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹೊಸ ಅಧ್ಯಕ್ಷೆ ಮೇಜಿನ ತುದಿಯಲ್ಲಿ ಸೆರಗು ಎಳೆದುಕೊಂಡು ಕುಳಿತಿದ್ದಳು. ನಡುವೆ ಮಾಜಿ ಅಧ್ಯಕ್ಷರು, ಪಕ್ಕದಲ್ಲಿ ನಮ್ಮವರು. ನಾನು ಜಮಖಾನೆಯ ಮೇಲೆ ಹೆಂಗಸರ ನಡುವೆ ಇದ್ದೆ. ಎರಡು ಸಾಲು ಮುಂದೆ ತಂಗಿ ಎದ್ದು ನಿಂತಳು.

"ಮಹಿಳಾ ಗ್ರಾಮಸಭಾ ಆಗೇತಿ ಅಂತ ಪುಸ್ತಕದಾಗ ಬರದೀರಿ. ಯಾವ ದಿವಸ ಆತ್ರಿ? ಯಾವ ಹೆಣ್ಮಗಳು ಬಂದಿದ್ಲು? ಒಬ್ಬಾಕಿ ಹೆಸರ ಹೇಳ್ರಿ ಸಾಕು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಂಥ ಸಭೆ ಆಗಿರಲೇ ಇಲ್ಲ. ಆಗಿದೆ ಎಂಬ ಹಾಳೆಯ ಮೇಲೆ ನನ್ನದೂ ಸಹಿ ಇತ್ತು. ಮಾಜಿ ಅಧ್ಯಕ್ಷರು ಕನ್ನಡಕ ಒರೆಸತೊಡಗಿದರು. ಆಗ ನಮ್ಮವರು ಮೈಕು ಎಳೆದುಕೊಂಡರು.

"ಏ ಯವ್ವಾ, ಕುಂದರ. ಹೆಣ್ಮಕ್ಕಳು ಹೆಣ್ಮಕ್ಕಳು ಅಂತ ಏನ್ ಬಡಕೊಳ್ತಿ? ನಿನ್ನ ಒಡಹುಟ್ಟಿದ ಅಕ್ಕನ ನೀ ಬ್ಯಾಡ ಅಂತ ಕೈ ಎತ್ತಿದಾಳ. ಮನಿ ಮಂದೀಗೇ ಬ್ಯಾಡಾದಾಕಿ ಊರಿಗೆ ಯಾಕ ಬೇಕು?"

ಶಾಮಿಯಾನ ನಕ್ಕಿತು. ಹೆಂಗಸರೂ ಕೆಲವರು ನಕ್ಕರು. ತಂಗಿ ಮೊದಲ ಸಲ ತಲೆ ತಗ್ಗಿಸಿದಳು. ಅವಳ ಕುತ್ತಿಗೆ ಕೆಂಪಾದದ್ದು ನನಗೆ ಹಿಂದಿನಿಂದ ಕಂಡಿತು. ನನ್ನ ಒಂದು ಕೈಯನ್ನು ಅವರು ಇನ್ನು ಎಷ್ಟು ವರ್ಷವಾದರೂ ಹೀಗೆ ಅವಳ ಬಾಯಿಗೆ ಒತ್ತುತ್ತಾರೆ ಎಂದು ಆಗ ತಿಳಿಯಿತು.

ಯಾವಾಗ ಎದ್ದೆನೋ ಗೊತ್ತಿಲ್ಲ. ಪಕ್ಕದವಳು ಸೆರಗು ಜಗ್ಗಿದಳು. ಮೇಲಿನಿಂದ ನಮ್ಮವರು, "ನಿಂದೇನ ಕೆಲಸ? ಕುಂದರ" ಎಂದರು.

"ಕುಂದರೂದಿಲ್ರಿ," ಎಂದೆ. ಮೈಕು ಇಲ್ಲದೆಯೂ ಕೇಳಿಸಿತು. ತಂಗಿ ಹಿಂದಕ್ಕೆ ತಿರುಗಿದಳು. ನಾನು ಅವಳ ಮುಖವನ್ನೇ ನೋಡಿ ಹೇಳಿದೆ.

"ಅವತ್ತ ಬಾಗಲಾ ಹಾಕಿತ್ತು. ಯಾವ ಗಂಡಸೂ ನನ್ನ ಕೈ ಹಿಡದು ಎತ್ತಲಿಲ್ಲ. ಉಡೀನೂ ಎತ್ತಲಿಲ್ಲ, ದೇವೀನೂ ಎತ್ತಲಿಲ್ಲ. ನೀ ಮಾತಾಡ್ತಿ, ನನಗ ಬರೂದಿಲ್ಲ ಅನ್ನೋ ಹೊಟ್ಟಿಕಿಚ್ಚಿಗೆ ನಾನ ಎತ್ತಿದೆ. ನೀ ಏನೂ ತಪ್ಪ ಮಾಡಿದ್ದಿಲ್ಲ. ತಪ್ಪ ನಂದ ತಂಗಿ. ಇಷ್ಟೂ ಮಂದಿ ಮುಂದ ಹೇಳಾಕತ್ತೇನಿ, ನಂದ ತಪ್ಪಾತವ್ವಾ."